ಗಾಜಿನ ಪೆಟ್ಟಿಗೆಯಲ್ಲಿ ಕಡಲನ್ನಿರಿಸಿದ ಗುಮಾಸ್ತ: ಫಿಲಿಪ್ ಹೆನ್ರಿ ಗಾಸ್

ಮುಂಬಯಿಯ ಮೆರೀನ್ ಡ್ರೈವಿನಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವನ್ನು ರಜೆಯ ದಿನಗಳಲ್ಲಿ ನೋಡಿ ಬಂದ ನಮ್ಮ ಬಾಂಧವರು ಅನೇಕರಿರಬಹುದು. ಗಾಜಿನಾಚೆ ಸುಳಿಯುವ ಮೀನನ್ನು ಎಲ್ಲರೂ ನೋಡುತ್ತಾರೆ. ಅದನ್ನು ಬದುಕಿಸಿರುವ ನೀರನ್ನು ಕುರಿತು ಯೋಚಿಸುವವರು ವಿರಳ. ಆ ನೀರಿನ ಚಿಂತೆಯಲ್ಲೇ ಬಾಳಿನ ಉತ್ತಮ ವರ್ಷಗಳನ್ನು ಸವೆಸಿದ ಫಿಲಿಪ್ ಹೆನ್ರಿ ಗಾಸನು ಲೆಕ್ಕ ಬರೆಯುವ ಗುಮಾಸ್ತನಾಗಿ ಜೀವನವನ್ನು ಆರಂಭಿಸಿದವನು.

ಗಾಸನು 1810ನೆಯ ಇಸವಿ ಏಪ್ರಿಲ್ 6ರಂದು ಇಂಗ್ಲೆಂಡಿನ ವೂಸ್ಟರಿನಲ್ಲಿ ಜನಿಸಿದನು. ತಂದೆಯು ಊರಿಂದೂರಿಗೆ ಅಲೆದು ಕಿರುಚಿತ್ರಗಳನ್ನು ಬರೆಯುವ ಕಲಾವಿದ, ಮನೆಯಲ್ಲಿ ಬಡತನ. ಕಡಲತೀರದ ಪೂಲ್ ಪಟ್ಟಣದಲ್ಲಿ ಬೆಳೆದ ಹುಡುಗನಿಗೆ ಪ್ರಾಣಿಗಳ ಮೇಲಣ ಆಸಕ್ತಿಯನ್ನು ಬೆಳೆಸಿದವಳು ಅವನ ಸೋದರತ್ತೆ. ಹದಿನೇಳನೆಯ ವಯಸ್ಸಿನಲ್ಲಿ, ಅಂದರೆ 1827ರಲ್ಲಿ, ಅವನು ಹಡಗನ್ನೇರಿ ನ್ಯೂಫೌಂಡ್‌ಲೆಂಡಿನ ಕಾರ್ಬೊನಿಯರ್ ಎಂಬಲ್ಲಿಗೆ ಹೋಗಿ ವರ್ತಕರ ಮಳಿಗೆಯಲ್ಲಿ ಗುಮಾಸ್ತನಾದನು. ಹಗಲೆಲ್ಲ ಲೆಕ್ಕದ ಪುಸ್ತಕ; ಬಿಡುವು ದೊರೆತಾಗ ಕೀಟಗಳ ಅಧ್ಯಯನ. ಎಂಟು ವರ್ಷಗಳ ತರುವಾಯ ಕೆನಡಾದಲ್ಲಿ ಬೇಸಾಯಕ್ಕೆ ಕೈಹಾಕಿ ಸೋತನು. 1838ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಕೆಲಕಾಲ ಉಪಾಧ್ಯಾಯನಾಗಿದ್ದು, ಅಲ್ಲಿಯ ಗುಲಾಮಗಿರಿಯನ್ನು ಕಂಡು ಹೇಸಿ, 1839ರಲ್ಲಿ ಬರಿಗೈಯಲ್ಲಿ ಸ್ವದೇಶಕ್ಕೆ ಮರಳಿದನು. ಬರಿಗೈ ಎಂದರೂ ಜೊತೆಯಲ್ಲಿ ಒಂದು ಹಸ್ತಪ್ರತಿಯಿತ್ತು. ಕೆನಡಾದ ಪ್ರಕೃತಿಯನ್ನು ಕುರಿತ ಆ ಗ್ರಂಥವು 1840ರಲ್ಲಿ ಪ್ರಕಟವಾಯಿತು. ಅಲ್ಲಿಂದ ಲೇಖನಿಯೇ ಅವನ ಜೀವನೋಪಾಯವಾಯಿತು.

1848ರಲ್ಲಿ ಎಮಿಲಿ ಬೌಸ್ ಎಂಬ ವಿದುಷಿಯನ್ನು ವರಿಸಿದನು. ಮರುವರ್ಷ ಮಗ ಎಡ್ಮಂಡ್ ಜನಿಸಿದನು. ದುಡಿಮೆಯ ಭಾರದಿಂದ ಆರೋಗ್ಯ ಕೆಟ್ಟು, 1852ರಲ್ಲಿ ಡೆವನ್ ಪ್ರಾಂತದ ಸಮುದ್ರತೀರಕ್ಕೆ ಹೋದನು. ಬಂಡೆಗಳ ನಡುವಣ ಹೊಂಡಗಳಲ್ಲಿ ಹೂವಿನಂತೆ ಅರಳುವ ಕಡಲ ಅನಿಮೋನಿಗಳನ್ನು ಕಂಡು, ಅವನ್ನು ಮನೆಯಲ್ಲಿಯೂ ಬದುಕಿಸಲಾಗದೇ ಎಂದು ಯೋಚಿಸತೊಡಗಿದನು. ಆನಾ ಥಿನ್ ಎಂಬ ಮಹಿಳೆಯೂ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ಶಾಸ್ತ್ರಜ್ಞನೂ ಈ ದಾರಿಯಲ್ಲಿ ಅವನಿಗಿಂತ ಮೊದಲೇ ನಡೆದಿದ್ದರು. ಆದರೆ ಜನಸಾಮಾನ್ಯರಿಗೆ ಅದನ್ನು ತಿಳಿಯಹೇಳಿದ ಕೀರ್ತಿ ಗಾಸನದು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ತೆರೆದ ಮತ್ಸ್ಯಾಗಾರಕ್ಕೆ ಅವನು ಕಡಲಜೀವಿಗಳನ್ನು ಒದಗಿಸಿದನು. 1854ರಲ್ಲಿ ಪ್ರಕಟವಾದ ಅವನ ಗ್ರಂಥದಿಂದ ಅಕ್ವೇರಿಯಂ ಎಂಬ ಹೆಸರು ಮನೆಮಾತಾಯಿತು.

ಕಡಲಿನಿಂದ ದೂರವಿರುವ ಲಂಡನ್ನಿಗೆ ಉಪ್ಪುನೀರನ್ನು ತರಿಸುವುದು ದುಬಾರಿಯ ಕೆಲಸ. ಅದೇ ವರ್ಷ ಗಾಸನು ರಸಾಯನ ಶಾಸ್ತ್ರದ ವಿಶ್ಲೇಷಣೆಯನ್ನು ಮುಂದಿಟ್ಟುಕೊಂಡು ಕಡಲನ್ನೇ ಬೆರೆಸಹೊರಟನು. ನೂರು ಪಾಲಿನಲ್ಲಿ ಅಡಿಗೆಯ ಉಪ್ಪು 81, ಮೆಗ್ನೀಸಿಯಂ ಕ್ಲೋರೈಡ್ 10, ಎಪ್ಸಮ್ ಉಪ್ಪು 7, ಪೊಟ್ಯಾಸಿಯಂ ಕ್ಲೋರೈಡ್ 2: ಇದು ಅವನ ಪಾಕ. ಆ ನೀರಿಗೆ ಮೊದಲು ಕಡಲಪಾಚಿಯನ್ನು ಇಳಿಸಿ, ಸುಮಾರು ಒಂದು ವಾರ ಕಾದು, ಬಳಿಕ ಅನಿಮೋನಿಗಳನ್ನು ಬಿಟ್ಟನು. ಅವು ಬದುಕಿದವು. ಸುಣ್ಣದ ಲವಣಗಳನ್ನು ಮಾತ್ರ ಅವನು ಕೈಬಿಟ್ಟಿದ್ದನು. ತಳದಲ್ಲಿ ಹಾಸಿದ ಚಿಪ್ಪು, ಹವಳದ ಚೂರುಗಳಿಂದ ಸುಣ್ಣದ ಅಂಶ ದೊರೆಯಬಹುದೆಂಬುದು ಅವನ ಎಣಿಕೆ.

ಇಲ್ಲಿ ಅವನಿಗೆ ಕಾಣದಿದ್ದುದೊಂದಿತ್ತು. ನೀರಿನ ಆಮ್ಲ-ಕ್ಷಾರಗಳನ್ನು ಅಳೆಯುವ ಪಿಎಚ್ ಮಾನವನ್ನು ಡೆನ್ಮಾರ್ಕಿನ ಸೋರೆನ್ಸೆನ್ನನು ರೂಪಿಸಿದ್ದು 1909ರಲ್ಲಿ, ಗಾಸನು ಗತಿಸಿ 21 ವರ್ಷಗಳ ಮೇಲೆ. ಕಡಲಿನ ಮೇಲ್ಪದರದ ಪಿಎಚ್ ಸುಮಾರು 8.1. ಜೀವಿಗಳ ಉಸಿರಿನ ಇಂಗಾಲಾಮ್ಲವು ನೀರಿನಲ್ಲಿ ಕೂಡಿಕೊಂಡರೆ ಅದು ಇಳಿಯುತ್ತದೆ; ಸೋಡಾ ನೀರಿಗೆ ಹುಳಿ ಬರುವುದೂ ಇದೇ ಅನಿಲದಿಂದ. ಹಗಲಲ್ಲಿ ಪಾಚಿಯು ಇಂಗಾಲಾಮ್ಲವನ್ನು ಹೀರುತ್ತದೆ. ರಾತ್ರಿ ಹೀರದು, ಆದುದರಿಂದ ಬೆಳಗಿನ ಜಾವಕ್ಕೆ ಪಿಎಚ್ ಅತಿ ಕೆಳಗಿರುತ್ತದೆ. ಜನ ತುಂಬಿದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇನ್ನಷ್ಟು ಇಳಿಯುತ್ತದೆ. ಮಿಕ್ಕ ಆಹಾರ ಕೊಳೆತು ಹುಟ್ಟುವ ಅಮೋನಿಯವನ್ನು ಸೂಕ್ಷ್ಮಜೀವಿಗಳು ನೈಟ್ರೇಟಾಗಿ ಮಾರ್ಪಡಿಸುವಾಗ ನೀರಿನ ಕ್ಷಾರಬಲವೂ ಸವೆಯುತ್ತದೆ. ಗಾಸನು ನಂಬಿದ ಚಿಪ್ಪಿನ ಚೂರುಗಳು ನೀರು ಸಾಕಷ್ಟು ಕೆಟ್ಟ ಮೇಲೆಯೇ ಕರಗತೊಡಗುತ್ತವೆ. ಅಷ್ಟರಲ್ಲಿ ಸುಣ್ಣದ ಕವಚ ಕಟ್ಟುವ ಜೀವಿಗಳು ಬಳಲಿರುತ್ತವೆ. ಇಂದಿನ ಉಪಾಯಗಳು ಸರಳ: ಹೊಸ ಗಾಳಿ, ಮಿತವಾದ ಆಹಾರ, ಆಗಾಗ ಸ್ವಲ್ಪ ಸ್ವಲ್ಪ ನೀರಿನ ಬದಲಾವಣೆ, ಕ್ಷಾರಬಲವನ್ನು ಅಳೆದು ಹನಿಹನಿಯಾಗಿ ಸೇರಿಸುವ ಸುಣ್ಣದ ತಿಳಿ. ಸುಣ್ಣದ ಮಾತನ್ನು ಬಿಟ್ಟರೆ, ಪಾಚಿ ಮೊದಲು, ಪ್ರಾಣಿ ಅನಂತರ ಎಂಬ ಗಾಸನ ಕ್ರಮವು ಮಾಪನವಿಲ್ಲದ ಕಾಲದಲ್ಲಿಯೂ ಸರಿಯಾದ ಹಾದಿಯಲ್ಲಿತ್ತು.

ಕೀರ್ತಿಯ ಹಿಂದೆಯೇ ದುಃಖವೂ ಬಂದಿತು. 1857ರ ಫೆಬ್ರವರಿಯಲ್ಲಿ ಎಮಿಲಿಯು ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಳು. ಬೈಬಲಿನ ಸೃಷ್ಟಿಕಥೆಯನ್ನೂ ಭೂಗರ್ಭ ಶಾಸ್ತ್ರವನ್ನೂ ಹೊಂದಿಸಲು ಅದೇ ವರ್ಷ ಅವನು ಬರೆದ ಗ್ರಂಥವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಧಾರ್ಮಿಕರೂ ಒಪ್ಪಲಿಲ್ಲ. ತಾಯಿಯಿಲ್ಲದ ಎಂಟು ವರ್ಷದ ಮಗನೊಂದಿಗೆ ಡೆವನ್ನಿನ ಸೇಂಟ್ ಮೇರಿಚರ್ಚಿನಲ್ಲಿ ನೆಲೆಸಿ, ಬ್ರಿಟಿಷ್ ತೀರದ ಅನಿಮೋನಿಗಳನ್ನು ಕುರಿತ ಮಹಾಗ್ರಂಥವನ್ನು 1860ರಲ್ಲಿ ಪೂರೈಸಿದನು.

ಇನ್ನೊಂದು ವ್ಯಥೆ ಅವನ ಕೃತಿಗಳಿಂದಲೇ ಹುಟ್ಟಿತು. ಅವನ್ನೋದಿದ ಸಾವಿರಾರು ಜನ ಬುಟ್ಟಿ, ಉಳಿಗಳನ್ನು ಹಿಡಿದು ತೀರಕ್ಕೆ ಮುತ್ತಿದರು. ಗಾಸನು ದೇವರ ತೋಟವೆಂದು ಪೂಜ್ಯಭಾವದಿಂದ ಕಂಡಿದ್ದ ಬಂಡೆಹೊಂಡಗಳು ಬರಿದಾದವು. ಕೊಂಡೊಯ್ದ ಜೀವಿಗಳಲ್ಲಿ ಬಹುಪಾಲು ಅರಿವಿಲ್ಲದವರ ಮನೆಯ ಕೆಟ್ಟ ನೀರಿನಲ್ಲಿ ಸತ್ತವು. ಇದಕ್ಕೆ ತಾನೂ ಹೊಣೆಯೆಂಬುದು ತಂದೆಯನ್ನು ಬಹಳ ನೋಯಿಸಿತೆಂದು ಮಗ ಎಡ್ಮಂಡನು 1907ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ.

1888ರ ಆಗಸ್ಟ್ 23ರಂದು ಗಾಸನು ಕಾಲವಾದನು. ಗಾಜಿನ ಪೆಟ್ಟಿಗೆಯನ್ನು ಮನೆಗೆ ತರಲು ಬಯಸುವ ವಾಚಕರು ಅವನ ಪಾಕವನ್ನೂ ಪಶ್ಚಾತ್ತಾಪವನ್ನೂ ಒಟ್ಟಿಗೆ ನೆನೆಯಲಿ. ಮೊದಲು ನೀರನ್ನು ಸಾಕಲು ಕಲಿತವನಿಗೆ ಮಾತ್ರ ಮೀನನ್ನು ಸಾಕುವ ಅಧಿಕಾರವುಂಟು.