ಕರೆಂಟಿಗೆ ಖಜಾನೆ ತೆರೆದ ದಿವಾನರು

ಸಂಬಳಕ್ಕೆ ಟ್ಯಾಕ್ಸ್ ಹಿಡಿಯದ ಯುಎಇಯಲ್ಲಿ ದುಡಿಯೋ ನಮಗೆ ತೆರಿಗೆ ಮಾತು ಯಾಕೆ ಅಂತ ಕೇಳಬಹುದು. ಆದರೂ ಊರಿನ ಸರ್ಕಾರ ದುಡ್ಡನ್ನು ಎಲ್ಲಿ ಹಾಕಬೇಕು ಅನ್ನೋ ಜಗಳ ನಮ್ಮ ರೂಮಿನಲ್ಲಿ ವಾರಕ್ಕೊಮ್ಮೆ ಆಗೇ ಆಗುತ್ತೆ. ಆ ಜಗಳಕ್ಕೆ ನಾನು ಎಳೆದು ತರುವ ಹೆಸರು ಸರ್ ಕೆ. ಶೇಷಾದ್ರಿ ಅಯ್ಯರ್ ಅವರದು. ಎಲ್ಲರಿಗೂ ವಿಶ್ವೇಶ್ವರಯ್ಯನವರು ಗೊತ್ತು, ಸಂತೋಷ. ಆದರೆ ವೈರು ಹಿಡಿದು ಅನ್ನ ತಿನ್ನೋ ನಾನು ಮೊದಲು ನೆನೆಯಬೇಕಾದ್ದು ಇವರನ್ನೇ.

ಇವರು ಹುಟ್ಟಿದ್ದು 1845ರಲ್ಲಿ, ಕೇರಳದ ಪಾಲಕ್ಕಾಡ್ ಕಡೆ. ಮದ್ರಾಸಿನಲ್ಲಿ ಬಿ.ಎ. ಮುಗಿಸಿ 1868ರಲ್ಲಿ ಕೆಲಸಕ್ಕಾಗಿ ಮೈಸೂರಿಗೆ ಬಂದರು. ಅಂದರೆ ಅವರೂ ನಮ್ಮ ಹಾಗೆ ಊರು ಬಿಟ್ಟವರೇ. ಹಿಂದಿನ ದಿವಾನ ರಂಗಾಚಾರ್ಲು ತೀರಿಕೊಂಡ ಮೇಲೆ 1883ರಲ್ಲಿ ದಿವಾನರಾದರು, ಹದಿನೆಂಟು ವರ್ಷ ಆ ಕುರ್ಚಿಯಲ್ಲಿದ್ದರು.

ಅವರ ಕೈಗೆ ಸಿಕ್ಕ ಖಜಾನೆ ಹೇಗಿತ್ತು ಗೊತ್ತಾ? 1876-78ರ ಬರದಲ್ಲಿ ರಾಜ್ಯದ ಜನರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಸತ್ತಿದ್ದರು. ಮೇಲೆ ಸುಮಾರು 80 ಲಕ್ಷದ ಸಾಲ. ವರ್ಷದ ಆದಾಯ ಸುಮಾರು ಒಂದು ಕೋಟಿ, ಅದರಲ್ಲೇ ಬ್ರಿಟಿಷರಿಗೆ 24.5 ಲಕ್ಷ ಕಪ್ಪ ಕಟ್ಟಬೇಕು. ಉಳಿದದ್ದು ಬಹುಪಾಲು ರೈತರ ಕಂದಾಯದ ದುಡ್ಡು, ಜೊತೆಗೆ ಹೆಂಡ ಸಾರಾಯಿಯಿಂದ ಬರೋದು.

ಪುಣ್ಯಕ್ಕೆ ಕೋಲಾರದಲ್ಲಿ ಚಿನ್ನ ಸಿಕ್ಕಿತು. ತೆಗೆದವರು ಲಂಡನ್ನಿನ ಕಂಪನಿಯವರು, ಸರ್ಕಾರಕ್ಕೆ ಬಂದಿದ್ದು 5 ಪರ್ಸೆಂಟ್ ರಾಯಲ್ಟಿ. ನಾವಿಲ್ಲಿ ಸಾಮಾನು ಕೊಂಡಾಗ ಕೊಡೋ ವ್ಯಾಟ್ ಕೂಡ 5 ಪರ್ಸೆಂಟೇ. ನೆಲದೊಳಗಿನ ಚಿನ್ನಕ್ಕೂ ಅಷ್ಟೇನಾ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಆ ಆಳದಲ್ಲಿ ಇಳಿದು ದುಡಿದವರಲ್ಲಿ ಬಹಳ ಮಂದಿ ತಮಿಳು, ತೆಲುಗು ಸೀಮೆಯಿಂದ ಬಂದ ಬಡವರು.

ದಿವಾನರು ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ತಂದರು. ವಿಕ್ಟೋರಿಯಾ ಆಸ್ಪತ್ರೆ ಕಟ್ಟಿಸಿದರು. ಮಾರಿಕಣಿವೆಯ ಅಣೆಕಟ್ಟು ಶುರುವಾಯಿತು. 1898ರಲ್ಲಿ ಪ್ಲೇಗ್ ಬಂದಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು.

ಶಿವನಸಮುದ್ರ ಮಾತ್ರ ಬೇರೆಯದೇ ಲೆಕ್ಕ. ಕಾವೇರಿ ನೀರು ಬೀಳುವ ಜಾಗದಲ್ಲಿ ಕರೆಂಟ್ ಮಾಡಿ 147 ಕಿಲೋಮೀಟರ್ ದೂರದ ಕೋಲಾರಕ್ಕೆ ಕಳಿಸಬೇಕು. ಆ ಕಾಲಕ್ಕೆ ಅದು ಬಹಳ ಉದ್ದದ ಲೈನ್. ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರದು ಯೋಜನೆ, ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಭಾರದ ಸಾಮಾನು ಕಾಡುದಾರಿಯಲ್ಲಿ ಸಾಗಿಸಲು ಆನೆಗಳೂ ದುಡಿದವು. ಲೈನು ಉದ್ದವಾದಷ್ಟೂ ವೋಲ್ಟೇಜ್ ಏರಿಸಬೇಕು, ಇಲ್ಲದಿದ್ದರೆ ಅರ್ಧ ಕರೆಂಟ್ ವೈರಿನಲ್ಲೇ ಬಿಸಿಯಾಗಿ ಹೋಗುತ್ತೆ. ಐಟಿಐನಲ್ಲಿ ಬೋರ್ಡ್ ಮೇಲೆ ಬರೆದುಕೊಂಡ ಪಾಠವನ್ನು ಅವರು ಖಜಾನೆ ದುಡ್ಡು ಹಾಕಿ ಮಾಡಿ ನೋಡಬೇಕಿತ್ತು. ಆದರೆ ಕಣ್ಣುಮುಚ್ಚಿ ಸುರಿಯಲಿಲ್ಲ. ಕರೆಂಟ್ ಕೊಳ್ಳುತ್ತೇವೆ ಅಂತ ಗಣಿಯವರಿಂದ ಮೊದಲೇ ಕರಾರು ಮಾಡಿಸಿಕೊಂಡಿದ್ದರು. ಆಸ್ತಿ ಸರ್ಕಾರದ್ದು, ಬಿಲ್ ಕಟ್ಟೋರು ಕಂಪನಿಯವರು. ರೈತನ ಕಂದಾಯ ಏರಿಸದೆ ಆದಾಯ ತರೋ ಈ ದಾರಿ ನನಗೆ ಬಹಳ ಮೆಚ್ಚುಗೆ.

ಅವರ ಮೇಲೆ ದೂರುಗಳೂ ಇದ್ದವು. ದೊಡ್ಡ ಹುದ್ದೆಗಳೆಲ್ಲ ಮದ್ರಾಸಿನವರ ಪಾಲಾದವು ಅಂತ ಮೈಸೂರಿನವರು ಸಿಟ್ಟಾಗಿದ್ದರು, ಆ ಸಿಟ್ಟಿನಲ್ಲಿ ಹುರುಳಿತ್ತು. ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು, ಆದರೆ ಖರ್ಚಿಗೆ ಬೇಡ ಅನ್ನೋ ಅಧಿಕಾರ ಅದಕ್ಕಿರಲಿಲ್ಲ. ಕಂದಾಯ ಕಟ್ಟಿದವನು ಅಹವಾಲು ಹೇಳಬಹುದಿತ್ತು, ಅಷ್ಟೇ.

ಆರೋಗ್ಯ ಕೆಟ್ಟು 1901ರಲ್ಲಿ ಕೆಲಸ ಬಿಟ್ಟರು, ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕೋಲಾರಕ್ಕೆ ಕರೆಂಟ್ ಹರಿದದ್ದು 1902ರ ಜೂನ್ 30ಕ್ಕೆ. ಸ್ವಿಚ್ ಹಾಕಿದ್ದನ್ನು ಅವರು ನೋಡಲೇ ಇಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ಹಳ್ಳಿಗೆ ಕಂಬ ನೆಟ್ಟಾಗ ನಮ್ಮಪ್ಪ ಹೈಸ್ಕೂಲು ಮುಗಿಸಿದ್ದರಂತೆ.