ಮಾವನಿಗೆ ಹೆಸರು ತಿಳಿಯದ ಗುಬ್ಬಿ: ತರಗತಿಗೆ ಸಲೀಂ ಅಲಿಯವರ ಜೀವನಕಥೆ

ಶಿವಾಜಿನಗರ, ಹಲಸೂರು ಕಡೆಯ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ವಿಜ್ಞಾನಿಗಳ ಜೀವನಕಥೆಯ ಪಾಠಕ್ಕೆಂದು ನಾನು ಸಲೀಂ ಅಲಿಯವರನ್ನು ಸೂಚಿಸುತ್ತೇನೆ. ಬರುವ ಪಾಠಯೋಜನೆಗಳು ಬಹುಪಾಲು ಒಂದೇ ಅಚ್ಚಿನವು: ಜನನ, ವಿದ್ಯಾಭ್ಯಾಸ, ಸಾಧನೆ, ಪ್ರಶಸ್ತಿ, ಮರಣ. ಈ ಅಚ್ಚಿನೊಳಗೆ ಅವರ ಬದುಕು ಕೂರುವುದಿಲ್ಲ. ವಿದ್ಯಾಭ್ಯಾಸದ ಕಲಂನಲ್ಲಂತೂ ಬರೆಯಲು ಹೆಚ್ಚೇನಿಲ್ಲ. ಪ್ರಶಸ್ತಿಯ ಕಲಂ ತುಂಬಿ ತುಳುಕುತ್ತದೆ. ನಾನು ತರಗತಿಯಲ್ಲಿ ಹೇಳುವ ಬಗೆಯಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಒಂದು ವರ್ಷದವರಿದ್ದಾಗ ತಂದೆ, ಮೂರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಸಾಕಿದರು. ಮಾವನಿಗೆ ಬೇಟೆಯ ಹವ್ಯಾಸ, ಹುಡುಗನ ಕೈಯಲ್ಲಿ ಆಟದ ಏರ್‌ಗನ್. ಗುಬ್ಬಿ ಹೊಡೆಯುವುದೇ ಆಗಿನ ಆಟ. ಇದನ್ನು ಮಕ್ಕಳಿಂದ ಮುಚ್ಚಿಡಬೇಕಿಲ್ಲ. ಮುಂದೆ ಹಕ್ಕಿಗಳ ರಕ್ಷಣೆಗೆ ನಿಂತ ಮನುಷ್ಯ ಮೊದಲು ಹಕ್ಕಿ ಹೊಡೆದವನು ಎಂದರೆ ಎಂಟನೇ ತರಗತಿ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತದೆ.

ಒಂದು ದಿನ ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಇತ್ತು. ಇದನ್ನು ತಿನ್ನಬಹುದೇ, ಧರ್ಮಕ್ಕೆ ಸಲ್ಲುತ್ತದೆಯೇ ಎಂಬ ಅನುಮಾನ. ಶಿವಾಜಿನಗರದ ಶಾಲೆಗಳಲ್ಲಿ ಈ ಪ್ರಶ್ನೆಯನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಹುಡುಗ ಮಾವನನ್ನು ಕೇಳಿದ. ಮಾವನಿಗೆ ಹಕ್ಕಿಯ ಹೆಸರು ತಿಳಿಯಲಿಲ್ಲ. ಆತ ಗದರಲಿಲ್ಲ, ಯಾವುದೋ ಒಂದು ಹೆಸರು ಹೇಳಿ ಸಾಗಹಾಕಲೂ ಇಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಎಂಬುವರ ಬಳಿಗೆ ಕಳಿಸಿದರು. ಮಿಲಾರ್ಡ್ ಹಕ್ಕಿಯನ್ನು ಗುರುತಿಸಿದ್ದಲ್ಲದೆ ಕಪಾಟುಗಳನ್ನು ತೆರೆದು, ಒಣಗಿಸಿಟ್ಟ ಹಕ್ಕಿಗಳ ಸಂಗ್ರಹವನ್ನೇ ತೋರಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಪಾಠದ ಜೀವ ಇಲ್ಲಿದೆ. ನಲವತ್ತು ನಿಮಿಷದ ಅವಧಿಯಲ್ಲಿ ಹದಿನೈದು ನಿಮಿಷ ಇದಕ್ಕೇ ಹೋದರೂ ನಾನು ಅಂಕ ಕಡಿಯುವುದಿಲ್ಲ.

ಮೆಟ್ರಿಕ್ ಪರೀಕ್ಷೆಯನ್ನು 1913ರಲ್ಲಿ ಹೇಗೋ ದಾಟಿದರು. ಕಾಲೇಜು ಅರ್ಧಕ್ಕೆ ನಿಂತಿತು. ಬರ್ಮಾದ ಟವಾಯ್‌ಗೆ ಹೋಗಿ ಮನೆಯವರ ಗಣಿ, ಮರದ ವ್ಯಾಪಾರ ನೋಡಿಕೊಂಡರು. ಅಲ್ಲೂ ಕಣ್ಣು ಕಾಡಿನ ಮೇಲೇ. ಹಿಂತಿರುಗಿದ ಮೇಲೆ ಪ್ರಾಣಿಶಾಸ್ತ್ರ ಓದಿದರು. ಆದರೂ ವಿಶ್ವವಿದ್ಯಾಲಯದ ಪದವಿ ಇಲ್ಲವೆಂದು ಸರ್ಕಾರದ ಪಕ್ಷಿತಜ್ಞನ ಹುದ್ದೆ ಸಿಗಲಿಲ್ಲ. 1926ರಲ್ಲಿ ಸಿಕ್ಕಿದ್ದು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಮಾರ್ಗದರ್ಶಿ ಉಪನ್ಯಾಸಕನ ಕೆಲಸ. ಬಂದವರಿಗೆ ಹಕ್ಕಿ, ಪ್ರಾಣಿ ತೋರಿಸಿ ವಿವರಿಸುವ ಕೆಲಸ, ಎಂದರೆ ನಮ್ಮದೇ ವೃತ್ತಿ.

ಅಲ್ಲಿಂದ ರಜೆ ಹಾಕಿ ಜರ್ಮನಿಗೆ ಹೋಗಿ ಬರ್ಲಿನ್‌ನಲ್ಲಿ ಸ್ಟ್ರೆಸೆಮನ್ ಅವರ ಬಳಿ ಕಲಿತರು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ವಿದ್ಯೆಯ ಅನುಭವ ದೊರೆತದ್ದು ಹೆಲಿಗೋಲ್ಯಾಂಡ್ ದ್ವೀಪದಲ್ಲಿ. ದ್ವೀಪವೇ ಏಕೆ ಎಂದು ಮಕ್ಕಳನ್ನು ಕೇಳಬೇಕು. ಮೆಡಿಟರೇನಿಯನ್ ಸಮುದ್ರ ದಾಟುವ ವಲಸೆ ಹಕ್ಕಿಗಳು ಮಾಲ್ಟಾ, ಕ್ಯಾಪ್ರಿ, ಸೈಪ್ರಸ್‌ಗಳಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತವೆ. ಹಿಡಿದು ತಿನ್ನುವವರ ಬಲೆಗಳೂ ಅಲ್ಲೇ ಕಾದಿರುತ್ತಿದ್ದವು. ಹೆಲಿಗೋಲ್ಯಾಂಡ್ ಉತ್ತರ ಸಮುದ್ರದ ಅಂಥದೇ ಒಂದು ತುಣುಕು ನೆಲ. ಅಲ್ಲಿ ಹಕ್ಕಿ ಹಿಡಿದವರು ಉಂಗುರ ತೊಡಿಸಿ ಬಿಟ್ಟುಬಿಡುತ್ತಿದ್ದರು.

1930ರಲ್ಲಿ ಹಿಂತಿರುಗುವಷ್ಟರಲ್ಲಿ ಹಣವಿಲ್ಲವೆಂದು ಮ್ಯೂಸಿಯಂ ಹುದ್ದೆ ರದ್ದಾಗಿತ್ತು. ಹೆಂಡತಿ ತೆಹ್ಮಿನಾ ಜೊತೆ ಕಿಹಿಮ್ ಎಂಬ ಕಡಲೂರಿಗೆ ಹೋದರು. ನಿರುದ್ಯೋಗದ ಆ ದಿನಗಳಲ್ಲೇ ಗೀಜಗನ ಗೂಡುಗಳ ಮುಂದೆ ಕೂತು ನೋಡಿದರು: ಗಂಡು ಅರ್ಧ ಗೂಡು ಹೆಣೆಯುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪುತ್ತದೆ, ಆ ಸಂಸಾರ ಹೂಡಿದ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈಹಾಕುತ್ತದೆ. ಅವರಿಗೆ ಹೆಸರು ತಂದದ್ದು ಈ ಅಧ್ಯಯನ.

1939ರಲ್ಲಿ ತೆಹ್ಮಿನಾ ತೀರಿಕೊಂಡರು. ಅದರ ಬೆನ್ನಿಗೇ ಬಂದದ್ದು ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ಕಂಡು, ಆ ಜಾಗವನ್ನು ಕಾಪಾಡಬೇಕೆಂದು ಅರಸರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಕರ್ನಾಟಕದೊಡನೆ ಇನ್ನೊಂದು ನಂಟು ಪಠ್ಯಗಳಲ್ಲಿ ಕಾಣುವುದು ಕಡಿಮೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರೂ ಸತ್ತರು. ಮಂಗನ ಕಾಯಿಲೆಯ ವೈರಸ್ ರಷ್ಯಾದ ಒಂದು ಮಿದುಳುಜ್ವರದ ವೈರಸ್ಸನ್ನು ಹೋಲುತ್ತಿತ್ತು. ಸೈಬೀರಿಯದ ಕಡೆಯಿಂದ ಬರುವ ಹಕ್ಕಿಗಳ ಮೈಮೇಲಿನ ಉಣುಗುಗಳೇ ಇದನ್ನು ತಂದವೇ? ಉತ್ತರ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮುಂದಾಳತ್ವದಲ್ಲಿ ದೊಡ್ಡ ಪ್ರಮಾಣದ ಉಂಗುರ ಕಾರ್ಯ 1959ರಲ್ಲಿ ಶುರುವಾಯಿತು. ಹಕ್ಕಿಗಳೇ ತಂದವೆಂಬುದು ಸಾಬೀತಾಗಲಿಲ್ಲ. ಆದರೆ ನಮ್ಮಲ್ಲಿಗೆ ಬರುವ ಹಕ್ಕಿಗಳು ಯಾವ ನಾಡಿನವು ಎಂಬುದು ಉಂಗುರಗಳಿಂದ ತಿಳಿಯತೊಡಗಿತು. ಕೆಲವು ಪಾಠಯೋಜನೆಗಳು ಇದನ್ನು ವಿಫಲತೆಯೆಂದು ಬಿಟ್ಟುಬಿಡುತ್ತವೆ. ಊಹೆಯನ್ನು ಪರೀಕ್ಷೆಗೊಡ್ಡುವುದು ಎಂದರೇನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪದ್ಮಭೂಷಣ 1958, ಪದ್ಮವಿಭೂಷಣ 1976. ಕಪ್ಪುಹಲಗೆಯ ಮೂಲೆಯಲ್ಲಿ ಬರೆದರೆ ಸಾಕು. 1985ರಲ್ಲಿ ಬಂದ ಆತ್ಮಕಥೆಯ ಶೀರ್ಷಿಕೆಯಲ್ಲೂ ಅವರು ಆ ಗುಬ್ಬಿಯನ್ನೇ ಇಟ್ಟರು. 1987ರಲ್ಲಿ ತೀರಿಕೊಂಡಾಗ ವಯಸ್ಸು 90.

ಅನ್ವಯ ಚಟುವಟಿಕೆಗೆ ದೂರ ಹೋಗಬೇಕಿಲ್ಲ. ಚಳಿಗಾಲದ ಅಭ್ಯಾಸ ಬೋಧನೆಯ ವೇಳೆ ವಲಸೆ ಹಕ್ಕಿಗಳೂ ಇಲ್ಲೇ ಇರುತ್ತವೆ. ಬಾಲ ಕುಣಿಸುವ ಬೂದು ಸಿಪಿಲೆಯನ್ನು ನೀರಿನಂಚಿನಲ್ಲಿ ಹುಡುಕಬಹುದು. ಹಲಸೂರು ಶಾಲೆಯವರಿಗೆ ಹಲಸೂರು ಕೆರೆ, ಕೆ.ಆರ್. ಪುರಂನವರಿಗೆ ಎಲೆಮಲ್ಲಪ್ಪ ಶೆಟ್ಟಿ ಕೆರೆ. ನೋಟ್‌ಬುಕ್ಕಿನಲ್ಲಿ ದಿನಾಂಕ, ಜಾಗ, ಎಷ್ಟು ಕಂಡವು ಎಂಬ ಮೂರು ಕಲಂ ಸಾಕು. ಹೆಸರಿನ ಕಲಂ ಒಂದು ವಾರ ಖಾಲಿ ಇದ್ದರೂ ಪರವಾಗಿಲ್ಲ.