ಒಂದನೆಯ ಕಂಠೀರವ ನರಸರಾಜ ಒಡೆಯರ್

ಒಂದನೆಯ ಕಂಠೀರವ ನರಸರಾಜ ಒಡೆಯರ್ (1615–1659) ಮೈಸೂರು ಸಂಸ್ಥಾನವನ್ನು 1638ರಿಂದ 1659ರವರೆಗೆ ಆಳಿದ ಅರಸರು. ಇವರು ರಣಧೀರ ಕಂಠೀರವ ಎಂದೇ ಜನಜನಿತರು. ಮೈಸೂರು ಅರಸರಲ್ಲಿ ಮೊದಲಿಗೆ ತಮ್ಮ ಹೆಸರಿನಲ್ಲಿ ನಾಣ್ಯ ಟಂಕಿಸಿದವರು ಇವರು. ಆ ನಾಣ್ಯದಿಂದ ಹುಟ್ಟಿದ ಕಂಠೀರಾಯಿ ವರಹದ ಲೆಕ್ಕವು ಇವರ ನಂತರವೂ ಸುಮಾರು 175 ವರ್ಷಗಳ ಕಾಲ ಉಳಿದು, ಮೈಸೂರಿನ ಹಣವನ್ನು ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿಗೆ ಪರಿವರ್ತಿಸಲು ಆಧಾರವಾಯಿತು.

ಪಟ್ಟಾಭಿಷೇಕ

ಇವರು ಒಂದನೆಯ ರಾಜ ಒಡೆಯರ ಸೋದರ ಬೆಟ್ಟದ ಚಾಮರಾಜ ಒಡೆಯರ ಮಗ. ಆರಂಭದಲ್ಲಿ ತೆರಕಣಾಂಬಿಯಲ್ಲಿ ನೆಲೆಸಿದ್ದರು. 1638ರಲ್ಲಿ ಇಮ್ಮಡಿ ರಾಜ ಒಡೆಯರು ದಳವಾಯಿ ವಿಕ್ರಮರಾಯನ ಸಂಚಿನಿಂದ ವಿಷಪ್ರಾಶನಕ್ಕೆ ಬಲಿಯಾದಾಗ ಸಿಂಹಾಸನ ಇವರಿಗೆ ಒದಗಿತು. ಪಟ್ಟಕ್ಕೆ ಬಂದೊಡನೆ ಇವರು ವಿಕ್ರಮರಾಯನನ್ನು ಕೊಲ್ಲಿಸಿ, ದಳವಾಯಿಗಳ ಹಿಡಿತದಿಂದ ಅರಸೊತ್ತಿಗೆಯನ್ನು ಬಿಡಿಸಿದರು. ಪಟ್ಟಕ್ಕೆ ಬರುವ ಮುನ್ನ ತಿರುಚಿನಾಪಳ್ಳಿಗೆ ಮಾರುವೇಷದಲ್ಲಿ ಹೋಗಿ ಅಲ್ಲಿನ ಹೆಸರಾಂತ ಜಟ್ಟಿಯನ್ನು ಸೋಲಿಸಿದರೆಂಬ ಐತಿಹ್ಯವೂ ಪ್ರಚಲಿತದಲ್ಲಿದೆ.

ಯುದ್ಧಗಳು

1639ರ ಆರಂಭದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಶ್ರೀರಂಗಪಟ್ಟಣವನ್ನು ಮುತ್ತಿದನು. ಕಂಠೀರವರು ಈ ದಾಳಿಯನ್ನು ಹಿಮ್ಮೆಟ್ಟಿಸಿ ರಾಜಧಾನಿಯನ್ನು ಉಳಿಸಿಕೊಂಡರು. ಬಳಿಕ ದಕ್ಷಿಣದಲ್ಲಿ ಮಧುರೆಯ ನಾಯಕರೊಡನೆಯೂ ಪಶ್ಚಿಮದಲ್ಲಿ ಪಿರಿಯಾಪಟ್ಟಣದ ಅರಸರೊಡನೆಯೂ ಯುದ್ಧಗಳು ನಡೆದವು.

ಈಗಿನ ಹಾಸನ ಜಿಲ್ಲೆಯ ಪ್ರದೇಶವು ಆಗ ಹಲವು ಪಾಳೆಯಗಾರರ ನಡುವೆ ಹಂಚಿಹೋಗಿತ್ತು. ಚನ್ನರಾಯಪಟ್ಟಣವು ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕನ ವಶದಲ್ಲಿದ್ದು, ಅವನ ಮಗ ಚನ್ನರಾಯನಿಗೆ ಜಹಗೀರಾಗಿ ಸಂದಿದ್ದ ಊರು. ಅರಕಲಗೂಡನ್ನು ಸುಮಾರು 1568ರಲ್ಲಿ ಕೃಷ್ಣಪ್ಪ ನಾಯಕ ಕಟ್ಟಿಸಿದ್ದನು. 1647ರಲ್ಲಿ ಕಂಠೀರವರ ಸೇನೆ ಅರಕಲಗೂಡನ್ನು ಮುತ್ತಿತು. ಆದರೆ ಆ ಊರು ಮೈಸೂರಿನಲ್ಲಿ ಸ್ಥಿರವಾಗಿ ವಿಲೀನವಾದದ್ದು 1694ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಹೊಳೆನರಸೀಪುರ ಮತ್ತು ಹಾಸನ ಸೀಮೆಗಳು ಕೂಡ ಕಂಠೀರವರ ನಂತರದ ಅರಸರ ಕಾಲದಲ್ಲಿ ಮೈಸೂರಿಗೆ ಸೇರಿದವು. ಹೀಗೆ ಸೇರಿದ ಊರುಗಳ ಕಂದಾಯವೂ ಕಂಠೀರಾಯಿ ಲೆಕ್ಕಕ್ಕೆ ಒಳಪಟ್ಟಿತು.

ಕಂಠೀರಾಯಿ ಹಣ

ವಿಜಯನಗರದ ಅರಸರು ದುರ್ಬಲರಾದರೂ ದಕ್ಷಿಣದ ಸಾಮಂತರು ಬಹುಕಾಲ ಅವರ ವರಹ ಮತ್ತು ಹಣದ ಪದ್ಧತಿಯನ್ನೇ ಅನುಸರಿಸುತ್ತಿದ್ದರು. ಸ್ವಂತ ಟಂಕಸಾಲೆಯು ಸ್ವತಂತ್ರ ಅರಸೊತ್ತಿಗೆಯ ಲಕ್ಷಣವೆನಿಸಿತ್ತು. ಕಂಠೀರವರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಸ್ಥಾಪಿಸಿ, ಒಂದು ಗ್ರಾಂನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ತೂಗುವ ಚಿನ್ನದ ಹಣವನ್ನು ಹೊರಡಿಸಿದರು. ನಾಣ್ಯದ ಒಂದು ಬದಿಯಲ್ಲಿ ಕುಳಿತ ನರಸಿಂಹನ ಆಕೃತಿಯೂ ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯಲ್ಲಿ ಅರಸರ ಹೆಸರೂ ಇವೆ.

ಇಂತಹ ಹತ್ತು ಹಣಗಳನ್ನು ಒಂದು ಕಂಠೀರಾಯಿ ವರಹವೆಂದು ಎಣಿಸಲಾಗುತ್ತಿತ್ತು. ಈ ವರಹವು ಲೆಕ್ಕಪತ್ರಗಳಲ್ಲಿ ಮಾತ್ರ ಇದ್ದಿತೇ ಹೊರತು ಪ್ರತ್ಯೇಕ ನಾಣ್ಯವಾಗಿರಲಿಲ್ಲ. 1799ರ ನಂತರ ದಿವಾನ್ ಪೂರ್ಣಯ್ಯನವರು ಈ ಹಣವನ್ನು ಮತ್ತೆ ಟಂಕಿಸಿದರು. ಹಳೆಯದು ಅಗಲ ಕಂಠೀರಾಯಿ ಹಣವೆಂದೂ ಹೊಸದು ಗಿಡ್ಡ ಕಂಠೀರಾಯಿ ಹಣವೆಂದೂ ಹೆಸರಾದವು.

ರೂಪಾಯಿಯೊಡನೆ ವಿನಿಮಯ

1799ರ ಒಪ್ಪಂದದಂತೆ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ನಕ್ಷತ್ರ ವರಹಗಳ ಪೊಗದಿ ಸಲ್ಲಿಸಬೇಕಾಗಿತ್ತು. ಇದು ಕಂಪನಿಯ ಮದ್ರಾಸಿನ ನಾಣ್ಯ. ಸಂಸ್ಥಾನದ ಕಂದಾಯದ ಲೆಕ್ಕವು ಕಂಠೀರಾಯಿ ವರಹದಲ್ಲಿದ್ದುದರಿಂದ ಎರಡರ ನಡುವಿನ ದರವು ಬೊಕ್ಕಸಕ್ಕೆ ಮಹತ್ವದ್ದಾಯಿತು.

ಮದ್ರಾಸಿನಲ್ಲಿ 1818ರಲ್ಲಿ 100 ನಕ್ಷತ್ರ ವರಹಗಳಿಗೆ 350 ರೂಪಾಯಿ ಎಂದು ನಿಗದಿಯಾಯಿತು. ಈ ದರದಲ್ಲಿ ಪೊಗದಿಯು 24.5 ಲಕ್ಷ ರೂಪಾಯಿ. ಕಂಠೀರಾಯಿ ವರಹಕ್ಕೆ 2 ರೂಪಾಯಿ 14 ಆಣೆ 8 ಪೈ ಎಂಬ ದರವಿದ್ದಿತು. ಅಂದರೆ ಒಂದು ಹಣಕ್ಕೆ 4 ಆಣೆ 8 ಪೈ. ಈ ಲೆಕ್ಕದಂತೆ ಒಂದು ನಕ್ಷತ್ರ ವರಹವು ಹನ್ನೆರಡು ಕಂಠೀರಾಯಿ ಹಣಕ್ಕೆ ಸಮ. 7 ಲಕ್ಷ ನಕ್ಷತ್ರ ವರಹ ಸಲ್ಲಿಸಲು ಮೈಸೂರು 8.4 ಲಕ್ಷ ಕಂಠೀರಾಯಿ ವರಹ ತೆರಬೇಕಾಗುತ್ತಿತ್ತು. ಪೂರ್ಣಯ್ಯನವರಿಗೆ ದೊರೆತ ಯಳಂದೂರು ಜಹಗೀರಿನ 10,000 ಕಂಠೀರಾಯಿ ವರಹಗಳ ಹುಟ್ಟುವಳಿಯು ಸುಮಾರು 29,167 ರೂಪಾಯಿ ಆಗುತ್ತದೆ.

ಹಣ ಚಿನ್ನದ್ದು, ರೂಪಾಯಿ ಬೆಳ್ಳಿಯದು. ಆದ್ದರಿಂದ ಚಿನ್ನ ಮತ್ತು ಬೆಳ್ಳಿಯ ಬೆಲೆಗಳ ಅನುಪಾತ ಬದಲಾದಂತೆ ಪೇಟೆಯಲ್ಲಿ ಸರಾಫರು ಕೊಡುವ ದರವೂ ಬದಲಾಗಬಹುದಿತ್ತು. ಕಂದಾಯ ತೆರುವ ರೈತನಿಗೆ ಈ ವ್ಯತ್ಯಾಸವೇ ಲಾಭ ಅಥವಾ ನಷ್ಟ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ವಹಿಸಿಕೊಂಡ ಮೇಲೆ, ಮಾರ್ಕ್ ಕಬ್ಬನ್ನನ ಕಾಲದಲ್ಲಿ ಸರ್ಕಾರಿ ಲೆಕ್ಕಗಳು ಕಂಪನಿಯ ರೂಪಾಯಿಗೆ ಬದಲಾದವು. 1833ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡ ಮೈಸೂರಿನ ಟಂಕಸಾಲೆಯು 1843ರಲ್ಲಿ ಮುಚ್ಚಿತು.

ನಿರ್ಮಾಣ ಮತ್ತು ಸಾಹಿತ್ಯ

ಶ್ರೀರಂಗಪಟ್ಟಣದ ನರಸಿಂಹಸ್ವಾಮಿ ದೇವಾಲಯ ಇವರ ನಿರ್ಮಾಣ. ಅಲ್ಲಿ ಇವರ ಭಕ್ತವಿಗ್ರಹವಿದೆ. ಇವರ ಆಳ್ವಿಕೆಯನ್ನು ವಸ್ತುವಾಗುಳ್ಳ ಸಾಂಗತ್ಯ ಕಾವ್ಯ ಕಂಠೀರವ ನರಸರಾಜ ವಿಜಯವು 1648ರಲ್ಲಿ ರಚಿತವಾಯಿತು. ಗೋವಿಂದವೈದ್ಯನ ಹೆಸರಿನಲ್ಲಿ ಪ್ರಸಿದ್ಧವಾದ ಈ ಕೃತಿಯಲ್ಲಿ ಶ್ರೀರಂಗಪಟ್ಟಣದ ಮಹಾನವಮಿಯ ವಿವರವಾದ ವರ್ಣನೆಯಿದೆ.

ನಿಧನ

ಕಂಠೀರವ ನರಸರಾಜ ಒಡೆಯರು 1659ರಲ್ಲಿ ನಿಧನರಾದರು. ಇವರ ನಂತರ ದೊಡ್ಡದೇವರಾಜ ಒಡೆಯರು ಪಟ್ಟಕ್ಕೆ ಬಂದರು.